ಮಡಿಲ ಕಡತ

ಕಡತ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂದು ನಮ್ಮ ಕಣ್ಣಮುಂದೆ ನಿಲ್ಲುವುದು ಕಚೇರಿಯ ಮೇಜು, ಕೆಂಪು ದಾರ, ಗುಮಾಸ್ತರ ಟಿಪ್ಪಣಿ. ಆದರೆ ಈ ಮಾತಿನ ಹಳೆಯ ಅರ್ಥ ಬೇರೆಯಾಗಿತ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಎರಡು ತುದಿಗೂ ತೆಳು ಹಲಗೆ ಕಟ್ಟಿದರೆ ಅದು ಕಡತ. ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುವುದು, ಬೇಡವಾದುದನ್ನು ಒರಸಿ ಮತ್ತೆ ಬರೆಯುವುದು. ವರ್ತಕರ ಲೆಕ್ಕ, ಊರಿನ ದಾಖಲೆ, ಮಠದ ಆಯವ್ಯಯ ಎಲ್ಲವೂ ಇದರಲ್ಲಿ ಅಡಗಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಈಗಲೂ ಆಕರ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಈ ವಸ್ತುವನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಬಟ್ಟೆ ಹೋಗಿ ಕಾಗದ ಬಂದಿತು, ಕಾಗದ ಹಿಡಿಯಲು ರಟ್ಟಿನ ಫೈಲು ಬಂದಿತು. ಹೆಸರು ಮಾತ್ರ ಉಳಿದುಕೊಂಡಿತು.

ನಾನು ಈಗ ಹೇಳಹೊರಟಿರುವುದು ಆ ರಟ್ಟಿನ ಫೈಲು ಕಚೇರಿಯಿಂದ ತಪ್ಪಿಸಿಕೊಂಡು ಮಕ್ಕಳ ಮಡಿಲಿಗೆ ಬಂದು ಕುಳಿತ ಬಗೆಯನ್ನು. ಅಮೆರಿಕೆಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳು ಸಾಕಷ್ಟಿವೆ. ಆ ಮನೆಗಳಲ್ಲಿ ಲ್ಯಾಪ್‌ಬುಕ್ ಎಂಬ ಹೆಸರಿನ ಒಂದು ಕೈಗೆಲಸ ರೂಢಿಗೆ ಬಂದಿದೆ. ಮಾಡುವ ಬಗೆ ಸುಲಭ. ನಡುವೆ ಮಡಿಕೆಯಿರುವ ರಟ್ಟಿನ ಫೈಲನ್ನು ಪೂರ್ತಿ ಬಿಚ್ಚಿ, ಎರಡು ಅಂಚುಗಳನ್ನೂ ಒಳಗೆ ಮಡಿಸಿ ನಡುಗೆರೆಯಲ್ಲಿ ಕೂಡಿಸಬೇಕು. ಆಗ ಅದು ನಮ್ಮ ಹಳೆಯ ಮನೆಗಳ ಜೋಡಿಕದದ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಒಳಗೆ ಮಗು ತಾನು ಕಲಿತ ಒಂದು ವಿಷಯವನ್ನು ಸಣ್ಣ ಸಣ್ಣ ರೂಪಗಳಲ್ಲಿ ಅಂಟಿಸುತ್ತದೆ: ಎತ್ತಿ ನೋಡುವ ಚೀಟಿ, ಎಳೆದರೆ ಉದ್ದವಾಗುವ ಮಡಿಕೆಪಟ್ಟಿ, ತಿರುಗುವ ಚಕ್ರ, ಚೀಟಿಗಳನ್ನು ತುಂಬಿಡುವ ಜೇಬು, ಸೂಜಿದಾರದಿಂದ ಹೊಲಿದ ಅಂಗೈಯಗಲದ ಪುಸ್ತಕ. ಬಿಚ್ಚಿದರೆ ಸರಿಯಾಗಿ ತೊಡೆಯ ಮೇಲೆ ಹಿಡಿಸುತ್ತದೆ. ಅದಕ್ಕೇ ಆ ಹೆಸರು. ನಾನು ಇದನ್ನು ಮಡಿಲ ಕಡತ ಎಂದು ಕರೆಯುತ್ತೇನೆ. ಮಡಿಲು ಎಂಬ ಮಾತಿನಲ್ಲೇ ಮಡಿಕೆಯ ಅರ್ಥವೂ ಅಡಗಿರುವುದರಿಂದ ಹೆಸರು ಎರಡು ಬಗೆಯಲ್ಲಿಯೂ ಒಪ್ಪುತ್ತದೆ. ನಮ್ಮ ಬೀದರ ಕಡೆಯವರು ಮಡಿಲಿಗೆ ಉಡಿ ಎನ್ನುತ್ತಾರೆ. ಉಡಿ ತುಂಬುವುದು ಎಂಬ ನಮ್ಮ ಮಂಗಳಕಾರ್ಯವನ್ನು ಬಲ್ಲವರಿಗೆ ಈ ಹೆಸರಿನ ಸ್ವಾರಸ್ಯ ಇನ್ನಷ್ಟು ಹೊಳೆದೀತು.

ಈ ಕೈಗೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಬೀದರ ನಗರದಲ್ಲಿರುವ ನನ್ನ ಮಗಳ ಮನೆಯಲ್ಲಿ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಅವಳ ಹಿರಿಯ ಮಗುವಿಗೆ ಆರು ವರ್ಷ. ಆ ವರ್ಷ ನಾಡಿನ ಪ್ರತಿಯೊಂದು ಮನೆಯೂ ಒಲ್ಲದ ಮನಸ್ಸಿನಿಂದ ಶಾಲೆಯಾಯಿತು. ಸರಕಾರಿ ಶಾಲೆಗಳ ಶಿಕ್ಷಕರು ವಿದ್ಯಾಗಮ ಎಂಬ ಯೋಜನೆಯಡಿಯಲ್ಲಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದ್ದನ್ನು ಕೇಳುಗರು ಮರೆತಿರಲಾರರು. ಶಾಲೆಗಳು ಮತ್ತೆ ತೆರೆದ ಮೇಲೆ ಬಹುಪಾಲು ಮಕ್ಕಳು ಹಿಂದಿರುಗಿದರು. ನನ್ನ ಮಗಳೂ ಅಳಿಯನೂ ಮಾತ್ರ ಮನೆಯಲ್ಲೇ ಮುಂದುವರಿಸಲು ನಿಶ್ಚಯಿಸಿದರು. ಕಾರಣ ದೊಡ್ಡ ತತ್ತ್ವವೇನಲ್ಲ. ಮಗು ಎರಡು ವರ್ಷ ಹಿಂದುಳಿದಿತ್ತು, ಪಠ್ಯಪುಸ್ತಕ ಎರಡು ವರ್ಷ ಮುಂದೆ ಹೋಗಿತ್ತು. ನಡುವಿನ ದಾರಿಯನ್ನು ತುಂಬುವ ಪುರಸೊತ್ತು ತರಗತಿಗೆ ಇರಲಿಲ್ಲ.

ಇದರ ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಬೀಗರ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆಯೇ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೆಯ ವಿಧಿ ಹೇಳುತ್ತದೆ. ಸೇರಿಸದವರಿಗೆ ದಂಡನೆಯನ್ನು ಹೇಳುವುದಿಲ್ಲ. ಮನೆಯ ಶಿಕ್ಷಣವನ್ನು ಅದು ಕೈಹಿಡಿದು ಒಳಗೆ ಕರೆದೂ ಇಲ್ಲ, ಹೊರಗಟ್ಟಿಯೂ ಇಲ್ಲ. ಇಂಥ ಮಕ್ಕಳಿಗೆ ಆಸರೆಯಾಗಿರುವುದು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಹದಿನಾಲ್ಕು ವರ್ಷ ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಬಹುದು. ನನ್ನ ಮೊಮ್ಮಗಳು ಆ ವಯಸ್ಸಿಗೆ ಸಮೀಪಿಸುತ್ತಿದ್ದಾಳೆ. ಆದ್ದರಿಂದ ಈ ಕಡತಗಳು ಅವಳಿಗೆ ಏನನ್ನು ಕಲಿಸಿದುವು, ಏನನ್ನು ಕಲಿಸಲಿಲ್ಲ ಎಂಬ ವಿಚಾರ ನಮ್ಮ ಮನೆಯಲ್ಲಿ ಹೊತ್ತು ಕಳೆಯುವ ಹರಟೆಯಾಗಿ ಉಳಿದಿಲ್ಲ.

ಕೈಯಿಂದ ಮಾಡಿ ಕಲಿಯುವುದು ನಮಗೆ ಹೊಸತೇನಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ತಮ್ಮ ಮಕ್ಕಳ ಎಳವೆಯ ಪಾಠವನ್ನು ಮನೆಯಲ್ಲೇ ನಡೆಸಿದರು. ಮಕ್ಕಳಿಗಾಗಿ ಬಾಲಪ್ರಪಂಚವೆಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ 1936ರಷ್ಟು ಹಿಂದೆಯೇ ಹೊರತಂದವರು ಅವರು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣಯೋಜನೆಯ ಬೇರು ಕೈಕಸುಬಿನಲ್ಲಿಯೇ ಇತ್ತು. ನಮ್ಮ ಸರಕಾರಿ ಶಾಲೆಗಳಲ್ಲಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿಯಲ್ಲಿಯೂ ಚಿಕ್ಕ ಮಕ್ಕಳು ಕಾರ್ಡುಗಳನ್ನು ಆಯ್ದುಕೊಂಡು ತಮ್ಮ ವೇಗದಲ್ಲಿ ಕಲಿಯುತ್ತಾರೆ. ಆದರೆ ಅಲ್ಲಿ ಕಾರ್ಡನ್ನು ಸಿದ್ಧಪಡಿಸುವವರು ದೊಡ್ಡವರು. ಮಡಿಲ ಕಡತದಲ್ಲಿ ಅದನ್ನು ಸಿದ್ಧಪಡಿಸುವ ಕೆಲಸವೇ ಮಗುವಿನದು. ಈ ಒಂದು ವ್ಯತ್ಯಾಸದ ಮೇಲೆ ನಾನು ಬಹಳ ಭಾರ ಹಾಕುತ್ತೇನೆ. ಚೀಟಿಯ ಹೊರಮೈಯಲ್ಲಿ ಯಾವ ಪ್ರಶ್ನೆ ಬರೆಯಬೇಕು, ಒಳಗೆ ಯಾವುದನ್ನು ಅಡಗಿಸಿಡಬೇಕು ಎಂದು ನಿರ್ಧರಿಸಲು ಹೊರಟ ಮಗುವಿಗೆ, ಆ ವಿಷಯದಲ್ಲಿ ತನಗೆ ಅರ್ಥವಾಗದ್ದು ಯಾವುದೆಂದು ತಾನಾಗಿಯೇ ಗೊತ್ತಾಗಿಬಿಡುತ್ತದೆ.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಬೀದರಿನ ನೌಬಾದಿನಲ್ಲಿ ಒಂದು ಕರೇಜ್ ಇದೆ. ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ, 15ನೆಯ ಶತಮಾನದಲ್ಲಿ, ಇರಾನಿನ ವಿದ್ಯೆಯಿಂದ ನಿರ್ಮಾಣಗೊಂಡ ನೆಲದೊಳಗಿನ ಕಾಲುವೆ ಅದು. ನಮ್ಮ ಊರು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮೇಲೆ ರಂಧ್ರರಂಧ್ರವಾದ ಕೆಂಪು ಜಂಬಿಟ್ಟಿಗೆ, ಕೆಳಗೆ ಗಟ್ಟಿಯಾದ ಕರಿಗಲ್ಲು. ಮಳೆಯ ನೀರು ಜಂಬಿಟ್ಟಿಗೆಯಲ್ಲಿ ಇಳಿದು ಕೆಳಗಿನ ಗಟ್ಟಿ ನೆಲಕ್ಕೆ ತಾಕಿ ನಿಲ್ಲುತ್ತದೆ. ಅಲ್ಲಿಗೆ ಒಂದು ಬಾವಿ ತೋಡಿ, ಅದರ ತಳದಿಂದ ತೀರ ಸಣ್ಣ ಇಳಿಜಾರಿನ ಸುರಂಗ ಕೊರೆದರೆ, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿದು ಬಯಲಿಗೆ ಬರುತ್ತದೆ. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿಗಳು. ಅಗೆದ ಮಣ್ಣನ್ನು ಎತ್ತುವುದಕ್ಕೂ ಒಳಗೆ ಗಾಳಿಯಾಡುವುದಕ್ಕೂ ಅವು ಬೇಕು.

ಇದನ್ನು ಮೊಮ್ಮಗಳು ಮಡಿಕೆಪಟ್ಟಿಯಲ್ಲಿ ತೋರಿಸಲು ಹೊರಟಳು. ಒಂದೊಂದು ಮಡಿಕೆಗೆ ಒಂದೊಂದು ಕಂಡಿ. ಮೊದಲ ಸಲ ಎಲ್ಲ ಕಂಡಿಗಳನ್ನೂ ಒಂದೇ ಆಳಕ್ಕೆ ಕತ್ತರಿಸಿದಳು. ಪಟ್ಟಿಯನ್ನು ಎಳೆದು ನೋಡಿದಾಗ ಅವಳ ಸುರಂಗ ನೆಲಕ್ಕೆ ಸಮಾನಾಂತರವಾಗಿ ಓಡಿ, ಎಲ್ಲಿಯೂ ಹೊರಗೆ ಬಾರದೆ ಕಾಗದದಂಚಿನಲ್ಲಿ ಮುಗಿದುಹೋಗಿತ್ತು. ನೀರು ಹೊರಬರುವ ಬಾಯಿ ಎಲ್ಲಿ? ಯಾರೂ ಏನೂ ಹೇಳಲಿಲ್ಲ. ಅರ್ಧ ಗಳಿಗೆ ಅದನ್ನೇ ನೋಡುತ್ತಿದ್ದು, ಪಟ್ಟಿಯನ್ನು ಬಿಸಾಡಿ, ಇನ್ನೊಂದನ್ನು ತೆಗೆದುಕೊಂಡಳು. ಮೂಲದ ಬಾವಿ ಎಲ್ಲಕ್ಕಿಂತ ಆಳ, ಮುಂದಿನದು ಅದಕ್ಕಿಂತ ಕಡಿಮೆ, ಕೊನೆಯದು ಬೆರಳುದ್ದ. ನೆಲ ಇಳಿಯುವಷ್ಟು ಬೇಗ ಸುರಂಗ ಇಳಿಯುವುದಿಲ್ಲ, ಅದಕ್ಕೇ ಅವೆರಡೂ ಒಂದು ಕಡೆ ಕೂಡುತ್ತವೆ ಎಂಬ ಸತ್ಯ ಅವಳಿಗೆ ಕತ್ತರಿಯ ಬಾಯಲ್ಲಿ ದೊರೆಯಿತು. ಆಮೇಲೆ ಅವಳದೇ ಪ್ರಶ್ನೆ: ನೆಲದೊಳಗೆ ಕತ್ತಲಲ್ಲಿ ಅಗೆಯುವವರಿಗೆ ಇಳಿಜಾರು ಎಷ್ಟೆಂದು ತಿಳಿಯುತ್ತಿದ್ದುದು ಹೇಗೆ? ಅಳಿಯ ಗೌಂಡಿಯೊಬ್ಬನಿಂದ ಮಟ್ಟ ನೋಡುವ ನೀರಿನ ಕೊಳವೆ ತಂದನು. ತಂದೆ ಮಗಳಿಬ್ಬರೂ ಒಂದು ಭಾನುವಾರವಿಡೀ ನಮ್ಮ ಓಣಿಯ ಇಳಿಜಾರನ್ನು ಅಳೆದರು. ನೆರೆಯವರು ಪುರಸಭೆಯವರು ಒಳಚರಂಡಿಗೆ ಬಂದಿದ್ದಾರೆಂದು ಭಾವಿಸಿ ಸಂತೋಷಪಟ್ಟರು.

ಬಿದರಿ ಕಲೆಯ ಕಡತ ಅಷ್ಟು ಚೆನ್ನಾಗಿ ಬರಲಿಲ್ಲವೆಂದು ನನ್ನ ಅಭಿಪ್ರಾಯ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಅರದಿಂದ ನಯಗೊಳಿಸುವುದು, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ ಚಿತ್ರ ಕೊರೆಯುವುದು, ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುವುದು, ಕಡೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿನೀರಿನಲ್ಲಿ ಅದ್ದುವುದು. ಇವೆಲ್ಲವನ್ನೂ ಒಂದು ತಿರುಗುವ ಚಕ್ರದಲ್ಲಿ ಬರೆದಿದ್ದಳು. ಚಕ್ರ ಅಂದವಾಗಿತ್ತು. ಆದರೆ ಅದು ಓದಿದ್ದರ ಪ್ರತಿ. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮೂರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಂಥ ಕುಶಲಿಗಳು ಕೈಬೆರಳಿನಲ್ಲಿ ಬಲ್ಲದ್ದನ್ನು ಕಾಗದದ ಚಕ್ರ ಹಿಡಿಯಲಾರದು. ಆ ಕಡತದಲ್ಲಿ ನನಗೆ ಹಿಡಿಸಿದ್ದು ಒಂದು ಜೇಬು ಮಾತ್ರ. ಅದರ ಮೇಲೆ ‘ಇನ್ನೂ ತಿಳಿಯದವು’ ಎಂದು ಬರೆದಿತ್ತು. ಒಳಗಿನ ಚೀಟಿಯಲ್ಲಿ ಒಂದೇ ಸಾಲು: ಸತು ಕಪ್ಪಾಗುವ ನೀರಿನಲ್ಲಿಯೇ ಅದ್ದಿದರೂ ಬೆಳ್ಳಿ ಬೆಳ್ಳಗೆ ಉಳಿಯುವುದೇಕೆ?

ಈಗ ಭಾಲ್ಕಿಯ ಮಾತು. ಅದು ನನ್ನ ಹುಟ್ಟೂರು; ಆದ್ದರಿಂದ ಸ್ವಲ್ಪ ನಿಧಾನಿಸಿದರೆ ಕೇಳುಗರು ಕ್ಷಮಿಸಬೇಕು. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಭಾಷೆ ಉರ್ದು. ಬೀದರಿನ ಕನ್ನಡ ಮಗು ಮನೆಯಲ್ಲಿ ಒಂದು ನುಡಿಯನ್ನು ಆಡಿ ಶಾಲೆಯಲ್ಲಿ ಇನ್ನೊಂದನ್ನು ಓದಬೇಕಾಗಿತ್ತು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಭಾಗದವರೆಲ್ಲ ಬಲ್ಲ ಇತಿಹಾಸ. ಕಮಲನಗರದಲ್ಲಿ ಹುಟ್ಟಿದ ಅವರು 1999ರವರೆಗೆ ಬಾಳಿದರು. ನಮ್ಮ ಪೀಳಿಗೆಯ ಎಷ್ಟೋ ಮಂದಿ ಕನ್ನಡದಲ್ಲಿ ಪದವಿ ಪಡೆಯುವಂತಾದುದರ ಹಿಂದೆ ಆ ಫಲಕದ ಮರೆಯ ಪಾಠಗಳಿವೆ.

ಈ ಸಂಗತಿಯನ್ನು ನಾನು ತರಗತಿಯಲ್ಲಿ, ಸಭೆಗಳಲ್ಲಿ ಹಲವಾರು ಸಲ ಹೇಳಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಮೊಮ್ಮಗಳು ತಲೆದೂಗಲಿಲ್ಲ, ಒಂದು ಚೀಟಿ ಮಾಡಿದಳು. ಹೊರಮೈಯಲ್ಲಿ ಉರ್ದು ಅಕ್ಷರಗಳು. ಎತ್ತಿದರೆ ಒಳಗೆ ಅ ಆ ಇ ಈ. ಇಡೀ ಇತಿಹಾಸವೇ ಒಂದು ಎತ್ತುವ ಚೀಟಿಯ ಆಕಾರದಲ್ಲಿತ್ತೆಂಬುದು ನನಗೆ ಅಲ್ಲಿಯವರೆಗೆ ತೋರಿರಲಿಲ್ಲ. ಆ ಉರ್ದು ಅಕ್ಷರಗಳನ್ನು ಅವಳಿಗೆ ಬರೆದು ತೋರಿಸಿದವರು ಪಕ್ಕದ ಮನೆಯ ಮುಸಲ್ಮಾನ ತಾಯಿ. ಬಲದಿಂದ ಎಡಕ್ಕೆ ಬರೆಯುವ ಕೈಬಳಕೆ ಬರಲು ನಾಲ್ಕು ಮಧ್ಯಾಹ್ನ ಹಿಡಿದವು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಒಂದು ಆಡಳಿತ ಒಂದು ಭಾಷೆಯನ್ನು ಹೇರಿತೆಂದು ಮಗುವಿಗೆ ಹೇಳುವುದು ಅವಶ್ಯ. ಆ ಭಾಷೆಯನ್ನಾಡುವ ನೆರೆಯವಳು ಹೇರಿದವಳಲ್ಲವೆಂದು ತಿಳಿಯುವುದೂ ಅಷ್ಟೇ ಅವಶ್ಯ. ಮೊದಲನೆಯದನ್ನು ಪುಸ್ತಕ ಕಲಿಸೀತು. ಎರಡನೆಯದಕ್ಕೆ ಪಕ್ಕದ ಮನೆಗೇ ಹೋಗಬೇಕು, ಹೋಗಲು ಒಂದು ಕೆಲಸ ಬೇಕು. ಆ ಕಡತದ ಜೇಬಿನಲ್ಲಿಯೂ ತಿಳಿಯದ ಪ್ರಶ್ನೆಯೊಂದಿದೆ: ತಪಾಸಣೆಗೆ ಅಧಿಕಾರಿಗಳು ಬಂದರೆ ಹುಡುಗರು ಕನ್ನಡ ಪುಸ್ತಕಗಳನ್ನು ಎಲ್ಲಿ ಅಡಗಿಸುತ್ತಿದ್ದರು? ಅದಕ್ಕೆ ಉತ್ತರ ಹೇಳಬಲ್ಲ ಮುದುಕರನ್ನು ಹುಡುಕುತ್ತ ಅವಳು ನನ್ನೊಡನೆ ಭಾಲ್ಕಿಯ ಮೂರು ಮನೆಗಳನ್ನು ಹತ್ತಿಳಿದಳು. ಪಾಟಿಯ ಮೇಲೆ ಬರೆದು ಒರಸಿಬಿಡುತ್ತಿದ್ದೆವೆಂದು ಒಬ್ಬರು ಹೇಳಿದರು. ಅವಳಿಗೆ ಅದು ಪೂರ್ತಿ ಸಮಾಧಾನ ತರಲಿಲ್ಲ. ಚೀಟಿ ಜೇಬಿನಲ್ಲೇ ಇದೆ.

ಔರಾದ ಅಳಿಯನ ಕಡೆಯ ಊರು. ಅಲ್ಲಿಯ ಮನೆಮಾತು ಮರಾಠಿ. ಬೀಗಿತ್ತಿಯ ತವರು ಉದಗೀರದ ಕಡೆ. ಹಿಂದೆ ಉದಗೀರವೂ ಬೀದರ ಜಿಲ್ಲೆಯ ತಾಲೂಕೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದವು. ಹೀಗಾಗಿ ಆ ತಾಯಿಗೆ ತವರು ಒಂದು ರಾಜ್ಯ, ಮನೆ ಇನ್ನೊಂದು. ಕನ್ನಡ ತಿಳಿಯುತ್ತದೆ, ಓದಲು ಬಾರದು. ಮೊಮ್ಮಗಳನ್ನು ಶಾಲೆ ಬಿಡಿಸಿದ್ದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ಅವರು. ಶಾಲೆಯ ಮೆಟ್ಟಿಲು ಹತ್ತಲಾಗದವರಿಗೆ ಶಾಲೆಯ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಅವರ ಕಳವಳವನ್ನು ಹಳೆಯ ಕಾಲದವರ ಅಜ್ಞಾನವೆಂದು ಯಾರೂ ತಳ್ಳಿಹಾಕಬಾರದು.

ಒಂದು ಬೇಸಿಗೆಯಲ್ಲಿ ಹುಡುಗಿ ಅಲ್ಲಿ ದೇವಣಿ ದನಗಳ ಕಡತಕ್ಕೆ ಕೈಹಾಕಿದಳು. ಬೀದರ, ಲಾತೂರುಗಳ ಸೀಮೆಯದೇ ಆದ ತಳಿ ಅದು; ಉಳುವುದಕ್ಕೂ ಆದೀತು, ಹಾಲಿಗೂ ಆದೀತು. ಮೈಬಣ್ಣದ ಮೇಲೆ ಅದರಲ್ಲಿ ಮೂರು ಬಗೆ: ಮೈಯೆಲ್ಲ ಬಿಳಿಯಾದುದು ಬಾಲಂಕ್ಯಾ, ಬಿಳಿಮೈಗೆ ಮುಖದಲ್ಲಿ ಕಪ್ಪಿರುವುದು ವಾನೇರಾ, ಬಿಳಿಯ ಮೇಲೆ ಕಪ್ಪು ಮಚ್ಚೆ ಚೆದರಿದುದು ಶೇವೇರಾ. ಇಷ್ಟನ್ನು ಅವಳು ಪುಸ್ತಕದಲ್ಲಿ ಓದಿಕೊಂಡೇ ಹೋಗಿದ್ದಳು. ಮೂರು ಚೀಟಿಗಳನ್ನು ಕತ್ತರಿಸಿ ಬಣ್ಣ ತುಂಬುತ್ತಿರುವಾಗ ಅಜ್ಜಿ ಪಕ್ಕದಲ್ಲಿ ಬಂದು ಕುಳಿತರು. ವಾನೇರಾ ಏಕೆ? ವಾನರನ ಹಾಗೆ ಮುಖ ಕಪ್ಪಲ್ಲವೇ ಎಂದರು. ಕೊಂಬಿನ ಬಾಗು ತಪ್ಪಾಗಿದೆಯೆಂದು ಪೆನ್ಸಿಲ್ ತೆಗೆದುಕೊಂಡು ತಾವೇ ತಿದ್ದಿದರು. ಗಂಗೆದೊಗಲು, ಕೊರಳ ಗಂಟೆ, ಕೊಟ್ಟಿಗೆ, ಕಣಿಕೆ ಎಲ್ಲಕ್ಕೂ ಮರಾಠಿಯ ಹೆಸರು ಹೇಳಿದರು. ಹುಡುಗಿ ಪಕ್ಕದಲ್ಲಿ ಕನ್ನಡ ಬರೆದಳು. ಓದಲು ಬಾರದ ಆ ತಾಯಿ ಈ ಒಂದು ಪುಸ್ತಕವನ್ನು ಚೀಟಿ ಎತ್ತಿ ಎತ್ತಿ ಬಂದವರಿಗೆಲ್ಲ ತೋರಿಸುತ್ತಾರೆ. ಅಷ್ಟರಿಂದ ಅವರ ಕಳವಳ ಕಳೆಯಿತೆಂದು ನಾನು ಹೇಳಲಾರೆ. ದಸರೆಗೆ ಹೋದಾಗ, ‘ಇದು ಚಂದದ. ಆದರ ಇದಕ್ಕ ಸರ್ಟಿಫಿಕೇಟ್ ಕೊಡ್ತಾರೇನ್ರಿ ಬೀಗರ?’ ಎಂದು ನನ್ನನ್ನೇ ಕೇಳಿದರು.

ಇನ್ನು ಈ ಪದ್ಧತಿಯ ಕುಂದುಗಳು. ಮೊದಲನೆಯದು ಅಂಗಡಿಯಿಂದ ಬರುವಂಥದು. ಕತ್ತರಿಸಿ ಅಂಟಿಸಲು ಸಿದ್ಧವಾದ ಅಚ್ಚಿನ ಹಾಳೆಗಳು ಈಗ ಹೇರಳವಾಗಿ ದೊರೆಯುತ್ತವೆ. ಪ್ರಶ್ನೆಯೂ ಅಚ್ಚು, ಉತ್ತರವೂ ಅಚ್ಚು, ಮಗುವಿನ ಪಾಲಿಗೆ ಗೋಂದು. ಶಾಲೆಗಳ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ತಂದೆತಾಯಿ ರಾತ್ರಿ ಹನ್ನೊಂದಕ್ಕೆ ಸ್ಟೇಷನರಿ ಅಂಗಡಿಯ ಚಿತ್ರಪಟಗಳನ್ನು ಅಂಟಿಸುವ ಕಾರ್ಯಕ್ಕೂ ಇದಕ್ಕೂ ಆಗ ಯಾವ ಭೇದವೂ ಉಳಿಯುವುದಿಲ್ಲ. ಅಂದದ ಕಡತವನ್ನು ಕಂಡರೆ ನನಗೆ ಮೊದಲು ಅನುಮಾನವೇ ಬರುತ್ತದೆ. ಮಗುವಿನ ಸ್ವಂತ ಕೆಲಸದಲ್ಲಿ ಅಂಟು ಹೊರಗೆ ಹರಿದಿರುತ್ತದೆ, ಒತ್ತಕ್ಷರ ಒಂದೆರಡು ತಪ್ಪಿರುತ್ತವೆ, ಒಂದು ಮೂಲೆಯಲ್ಲಿ ಮನಸ್ಸು ಬದಲಿಸಿ ಕಿತ್ತ ಗುರುತಿರುತ್ತದೆ.

ಎರಡನೆಯದು ಗಂಭೀರವಾದುದು, ಮತ್ತು ಕನ್ನಡದ ಅಧ್ಯಾಪಕನಾದ ನನಗೆ ಬಹಳ ಬಾಧಿಸಿದ್ದು. ಚೀಟಿಯ ಅಗಲ ಮೂರು ಬೆರಳು. ಅದರಲ್ಲಿ ಹಿಡಿಸುವುದು ಒಂದು ವಾಕ್ಯ. ಹಲವು ಸಲ ವಾಕ್ಯವೂ ಅಲ್ಲ, ವಾಕ್ಯದ ತುಣುಕು. ಎರಡು ವರ್ಷ ಚೀಟಿಗಳಲ್ಲೇ ಬರೆದ ಹುಡುಗಿಗೆ ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟುವ ಹೊಳೆಗಲ್ಲುಗಳಾದ ಆದ್ದರಿಂದ, ಆದರೂ, ಅಷ್ಟರಲ್ಲಿ, ಹೀಗಿದ್ದರೂ ಎಂಬ ಮಾತುಗಳು ಕೈಗೆ ಬರಲಿಲ್ಲ. ವಿಚಾರವೆಂಬುದು ಈ ಸಣ್ಣ ಮಾತುಗಳಲ್ಲೇ ಇರುತ್ತದೆ, ಉಳಿದದ್ದು ಸಾಮಗ್ರಿ. ಆದ್ದರಿಂದ ಪ್ರತಿಯೊಂದು ಕಡತದ ಬೆನ್ನಿಗೆ, ಯಾವ ಮಡಿಕೆಯೂ ಇಲ್ಲದ ಒಂದು ಬಿಳಿಹಾಳೆಯನ್ನು ಹೊಲಿಯಬೇಕು, ಒಳಗಿನದನ್ನೆಲ್ಲ ಮುಚ್ಚಿಟ್ಟು ಅದರ ಮೇಲೆ ಒಂದು ಪುಟ ಗದ್ಯ ಬರೆಯಬೇಕು ಎಂದು ನಾನು ಹಟ ಹಿಡಿದೆ. ಮಗಳಿಗೆ ಇದು ಶಾಲೆಯ ವಾಸನೆಯಾಗಿ ತೋರಿತು. ತಾಯಿ ಮಗಳ ಮುನಿಸು ಒಂದು ತಿಂಗಳು ನಡೆಯಿತು, ಹಾಳೆ ಉಳಿಯಿತು. ಕರೇಜಿನ ಪುಟದಲ್ಲಿ ಆದ್ದರಿಂದ ಎಂಬ ಮಾತು ಹನ್ನೊಂದು ಸಲ ಬಂದಿದೆ. ಬರಲಿ, ತಪ್ಪೇನಿಲ್ಲ.

ಮೂರನೆಯದಕ್ಕೆ ಮನೆಯೊಳಗೆ ಮದ್ದಿಲ್ಲ. ಶಾಲೆಯಲ್ಲಿ ಒಂದು ಮಗು ಮಾಡಿದ್ದನ್ನು ನಲವತ್ತು ಮಕ್ಕಳು ನೋಡುತ್ತಾರೆ, ನಗುತ್ತಾರೆ, ಕದಿಯುತ್ತಾರೆ, ಇದಕ್ಕಿಂತ ಚೆನ್ನಾಗಿ ಮಾಡುತ್ತೇನೆಂದು ಹೊರಡುತ್ತಾರೆ. ಮನೆಯ ಕಡತಕ್ಕೆ ಓದುಗರು ಅಜ್ಜ, ಅಜ್ಜಿ, ಪಕ್ಕದ ಮನೆಯವರು. ಎಲ್ಲರೂ ಮೆಚ್ಚುವವರೇ. ಮೆಚ್ಚದ ಓದುಗನೊಬ್ಬ ಬೇಕೆಂದು ಈಗ ಶನಿವಾರ ಸಂಜೆ ಓಣಿಯ ಆರು ಮಕ್ಕಳು ಅಲ್ಲಿ ಸೇರುತ್ತಾರೆ. ಅವರೆಲ್ಲ ಶಾಲೆಗೆ ಹೋಗುವವರು. ಮೊದಲ ಸಂಜೆಯೇ ಒಬ್ಬ ಹುಡುಗ ಭಾಲ್ಕಿಯ ಕಡತ ನೋಡಿ, ಇಷ್ಟು ಸಣ್ಣ ಅಕ್ಷರ ಯಾರು ಓದಬೇಕು ಎಂದನಂತೆ. ಅವಳು ಅತ್ತಳೆಂದೂ ಮರುದಿನ ಅಕ್ಷರಗಳನ್ನು ದೊಡ್ಡದಾಗಿ ಬರೆದಳೆಂದೂ ಮಗಳು ತಿಳಿಸಿದಳು.

ಪರೀಕ್ಷೆಗೆ ಈ ಯಾವ ಕಡತವೂ ಜೊತೆಯಲ್ಲಿ ಬಾರದು. ಅಲ್ಲಿ ಬಿಳಿಹಾಳೆ, ಗಡಿಯಾರ, ಪರಿಚಯವಿಲ್ಲದ ಮೇಲ್ವಿಚಾರಕರು. ಆದಕಾರಣ ಕಳೆದ ಆಷಾಢದಿಂದ ವಾರಕ್ಕೊಂದು ದಿನ ಗಡಿಯಾರ ಎದುರಿಗಿಟ್ಟುಕೊಂಡು ಎರಡು ಪುಟ ಬರೆಯುತ್ತಿದ್ದಾಳೆ, ನಾನು ತಿದ್ದುತ್ತಿದ್ದೇನೆ. ಉಳಿದ ದಿನಗಳಲ್ಲಿ ಕತ್ತರಿ ನಡೆದೇ ಇದೆ.

ಈ ಕೆಲಸಕ್ಕೆ ತೊಡಗುವ ತಂದೆತಾಯಿಗಳಿಗೆ ಒಂದು ಸಣ್ಣ ಸೂಚನೆ. ನಮ್ಮ ಸೀಮೆಯ ಮಳೆಗಾಲದಲ್ಲಿ ಗೋಧಿಹಿಟ್ಟಿನ ಅಂಟಿಗೆ ಹುಳ ಬೀಳುತ್ತದೆ. ಹಳೆಯ ರಟ್ಟುಕಟ್ಟುವವರು ಅಂಟಿನಲ್ಲಿ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು, ಆದರೆ ಅದು ವಿಷ. ಮಕ್ಕಳ ಕೈಗೆ ಕೊಡುವಂಥದಲ್ಲ. ನಾವು ಕಡತದ ಪುರಾತನರನ್ನು ನೆನೆದು ಹುಣಿಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಅಂಟು ಮಾಡಿ ನೋಡಿದೆವು. ಚೆನ್ನಾಗಿ ಹಿಡಿಯುತ್ತದೆ, ಆದರೆ ಎರಡೇ ದಿನಕ್ಕೆ ಹಳಸುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳಬೇಕು.